ದೊಡ್ಡ ಹರಳಿನ ಉಂಗುರ ವಾಲುತ್ತಿತ್ತು, ಸರಿ ಮಾಡಿದ್ದು ಹೀಗೆ

ಬದಿಯಡ್ಕದ ಅತ್ತಿಗೆಗೆ ಬೆಳ್ಳಿ ಉಂಗುರ ಮಾಡಿಕೊಟ್ಟಿದ್ದೆ. 25 ಮಿ.ಮೀ. ಉದ್ದದ ಅಗೇಟ್ ಹರಳು, ತೂಕ 18 ಕ್ಯಾರೆಟ್, ಅಂದರೆ 3.6 ಗ್ರಾಂ. ಚೆಂದವೇನೋ ಇತ್ತು, ಆದರೆ ಬೆರಳಲ್ಲಿ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಅಳತೆ ಬಿಗಿ ಮಾಡಿದರೆ ಗೆಣ್ಣು ದಾಟಲಿಲ್ಲ. ತೊಂದರೆ ಅಳತೆಯದ್ದಲ್ಲ, ಮೇಲಿನ ಭಾರದ್ದು ಅಲ್ವಾ!

ಮೊದಲು ಹರಳು ಬಿಡಿಸಿದೆ. ಬೆಸುಗೆಯ ಬಿಸಿಗೆ ಅಗೇಟ್ ಸೀಳಬಹುದು. ಬೆರಳು ಸುತ್ತುವ 2 ಮಿ.ಮೀ. ಅಗಲದ ಪಟ್ಟಿ ತೆಗೆದು 7 ಮಿ.ಮೀ. ಅಗಲದ್ದು ಹಾಕಿದೆ. ಅದರ ತಳವನ್ನು ದುಂಡಗೆ ಬಿಡದೆ ಚಪ್ಪಟೆ ಮಾಡಿದೆ. ನಿಜವಾಗಿ ಕೆಲಸ ಮಾಡಿದ್ದು ಇದೇ. ಬೆರಳಿನ ಅಡಿಭಾಗ ಅಲ್ಲಿ ಸಮವಾಗಿ ಕೂರುತ್ತದೆ, ಉಂಗುರ ಸುಮ್ನೆ ಸುತ್ತುವುದಿಲ್ಲ. ಮೇಲಿನ ಭಾರ ಇಳಿಸಲು ಹರಳಿನ ಕೆಳಗಿನ ತಗಡನ್ನು ಅಂಚಷ್ಟೇ ಉಳಿಸಿ ಕೊರೆದೆ. ಹರಳು ಕೂರುವ ಮನೆಯ ಎತ್ತರವನ್ನೂ ತಗ್ಗಿಸಿದೆ, ಹರಳು ಬೆರಳಿಗೆ ಹತ್ತಿರವಾಯಿತು.

ಅತ್ತಿಗೆ ಈಗ ಅದನ್ನು ತೆಗೆಯುವುದೇ ಇಲ್ಲ.