ಗೋದಾಮಿನಲ್ಲಿ ಎಣಿಕೆ ಕಲಿತ ವರ್ಷ

ನಮ್ಮಪ್ಪ ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲಿ. ಪಿಯುಸಿ ಮುಗಿಸಿ ದಾಬಸ್‌ಪೇಟೆಯ ಒಂದು ಗೋದಾಮಿಗೆ ಅಪ್ರೆಂಟಿಸ್ ಆಗಿ ಹೊರಟಾಗ ಅಪ್ಪ ಕೇಳಿದ್ದು ಒಂದೇ ಮಾತು: “ಮೂಟೆ ಎತ್ತೋದ್ ಕಲಿಯೋಕೂ ಒಂದ್ ವರ್ಷ ಬೇಕೇನ್ಲಾ?” ನನಗೂ ಒಳಗೊಳಗೆ ಅದೇ ಅನುಮಾನ ಇತ್ತು.

ಸೇರಿದ್ದು 2023ರ ಕೊನೆಯಲ್ಲಿ. ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಅಪ್ರೆಂಟಿಸ್‌ಗೆ ಕೊಡುವುದು ಸಂಬಳ ಅಲ್ಲ, ಸ್ಟೈಪೆಂಡ್. ಆಗಿನ ನಿಯಮದ ಪ್ರಕಾರ ಪಿಯುಸಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ. ನಮ್ಮ ಕರಾರಿನಲ್ಲಿ 9,000 ಇತ್ತು. ಅದರಲ್ಲಿ 1,500 ಕೇಂದ್ರ ಸರ್ಕಾರದ ಪಾಲು, ನೇರ ನಮ್ಮ ಖಾತೆಗೆ. ಪಿಎಫ್, ಇಎಸ್‌ಐ ಇಲ್ಲ. ಮೂವರು ಸೇರಿ ಒಂದು ರೂಮು ಮಾಡಿ, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ ಮುಗಿಸಿದರೆ ಹೇಗೋ ನಡೆಯುತ್ತಿತ್ತು. ಊರಿಗೆ ಕಳಿಸುವಷ್ಟು ಉಳಿಯುತ್ತಿರಲಿಲ್ಲ.

ನಮ್ಮದು ಬಿಸ್ಕತ್ತು, ಸೋಪು, ಶಾಂಪೂ, ಟೀಪುಡಿ ಬರುವ ಗೋದಾಮು. ಮೊದಲ ತಿಂಗಳು ನನ್ನನ್ನು ಇನ್‌ವರ್ಡ್‌ಗೆ, ಅಂದರೆ ಬಂದ ಮಾಲು ಇಳಿಸಿಕೊಳ್ಳುವ ಕಡೆಗೆ, ಹಾಕಿದರು. ಬೆಳಿಗ್ಗೆ ಡಾಕ್ (ಲಾರಿ ಬಂದು ಹಚ್ಚುವ ಕಟ್ಟೆ) ಬಾಗಿಲು ಎತ್ತಿದರೆ ದೂರದಲ್ಲಿ ಶಿವಗಂಗೆ ಬೆಟ್ಟ, ಎದುರಿಗೆ ಸಾಲಾಗಿ ನಿಂತ ಕಂಟೇನರ್ ಲಾರಿಗಳು. ಲಾರಿ ಹಿಂದಕ್ಕೆ ಬಂದು ನಿಂತ ಮೇಲೆ ಮೊದಲು ಸೀಲ್ ನಂಬರ್ ನೋಡಬೇಕು, ಪೇಪರಿನಲ್ಲಿರುವುದಕ್ಕೆ ತಾಳೆ ಆದರೆ ಮಾತ್ರ ಒಡೆಯಬೇಕು. ಇನ್‌ವಾಯ್ಸ್, ಎಲ್‌ಆರ್ (ಲಾರಿಯವರ ಸಾಗಣೆ ರಸೀದಿ), ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿ) ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ದಾರಿಯಲ್ಲಿ ಲಾರಿ ಕೆಟ್ಟು ಮಾಲು ಬೇರೆ ಗಾಡಿಗೆ ಹಾಕಿದ್ದರೆ ಇ-ವೇ ಬಿಲ್ಲಿನಲ್ಲೂ ಗಾಡಿ ನಂಬರ್ ಬದಲಾಗಿರಬೇಕು. ಬಾಕ್ಸ್ ಒದ್ದೆಯಾಗಿದ್ದರೆ, ಕಡಿಮೆ ಬಂದಿದ್ದರೆ, ಡ್ರೈವರ್ ಇನ್ನೂ ಎದುರಿಗಿರುವಾಗಲೇ ಎಲ್‌ಆರ್ ಮೇಲೆ ಬರೆದು ಅವನ ಸಹಿ ಹಾಕಿಸಬೇಕು. ಅವನು ಹೈವೇ ಹತ್ತಿದ ಮೇಲೆ ನೆನಪಾದರೆ ಆ ನಷ್ಟ ನಮ್ಮ ತಲೆಗೆ.

ಎಣಿಸುವುದು ನನಗೆ ಬರುತ್ತದೆ ಅಂದುಕೊಂಡಿದ್ದೆ. ಎರಡನೇ ದಿನವೇ ಒಂದು ಪ್ಯಾಲೆಟ್‌ನಲ್ಲಿ (ಬಾಕ್ಸ್ ಪೇರಿಸಿಡುವ ಮಣೆ) ತಪ್ಪಿದೆ. ಮೇಲಿನ ಸಾಲಿನಲ್ಲಿ, ಅಂದರೆ ಮೇಲಿನ ಪದರದಲ್ಲಿ, ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಕಂಡಿತು, ಒಂಬತ್ತು ಅಂತ ಹಿಡಿದು ಆರು ಸಾಲಿಗೆ 54 ಬರೆದೆ. ಲೋಡಿಂಗ್ ಮೇಸ್ತ್ರಿ ನೋಡಿ ನಕ್ಕರು. “ಹೊಟ್ಟೆ ಬಗ್ಗಿ ನೋಡಪ್ಪ, ಪೊಳ್ಳು.” ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಬಾಕ್ಸುಗಳನ್ನು ಒಂದಕ್ಕೊಂದು ತಿರುಗಿಸಿ ಸುತ್ತ ಕಟ್ಟಿದರೆ ಪ್ಯಾಲೆಟ್ ಅಲುಗಾಡುವುದಿಲ್ಲ, ಆದರೆ ನಡುವೆ ಬಾವಿ ಹಾಗೆ ಜಾಗ ಉಳಿಯುತ್ತದೆ. ಸಾಲಿಗೆ ಎಂಟೇ, ಒಟ್ಟು 48. ಒಂದು ಸಾಲಿಗೆ ಎಷ್ಟು, ಎಷ್ಟು ಸಾಲು ಅನ್ನುವ ಈ ಲೆಕ್ಕಕ್ಕೆ ಆಫೀಸಿನವರು ಟೈ-ಹೈ ಅನ್ನುತ್ತಾರೆ. ಆ ಮೇಸ್ತ್ರಿ ಮಂಡ್ಯ ಕಡೆಯವರು, ಸ್ಕ್ಯಾನರ್ ಮುಟ್ಟುತ್ತಿರಲಿಲ್ಲ. ಬಾಕ್ಸ್ ಇಳಿಸುವಾಗ ಕಣದಲ್ಲಿ ರಾಗಿ ಅಳೆದ ಹಾಗೆ “ಲಾಭ, ಎರಡು, ಮೂರು” ಅಂತಲೇ ಎಣಿಸುತ್ತಿದ್ದರು. ಉಳಿದ ಲೋಡರ್‌ಗಳಲ್ಲಿ ಹೆಚ್ಚಿನವರು ಬಿಹಾರ, ಒಡಿಶಾದವರು. ಅವರ ಪಚ್ಚೀಸ್ (25), ನನ್ನ ಕಿವಿಯ ಪಚಾಸ್ (50), ಇದರಿಂದಲೂ ಒಂದೆರಡು ಸಲ ಬೈಸಿಕೊಂಡಿದ್ದೇನೆ.

ದೊಡ್ಡ ತಪ್ಪು ಮಾಡಿದ್ದು ಮೂರನೇ ತಿಂಗಳು, ಪುಟ್‌ಅವೇನಲ್ಲಿ. ಬಂದ ಮಾಲನ್ನು ರ‍್ಯಾಕ್‌ನಲ್ಲಿ ಅದರ ಜಾಗಕ್ಕೆ ಸೇರಿಸುವ ಕೆಲಸ ಅದು. ಪ್ರತಿ ಜಾಗಕ್ಕೂ ವಿಳಾಸ ಇರುತ್ತದೆ: ಓಣಿ, ಕಂಬ, ಮಹಡಿ. ಮೇಲಿನ ಮಹಡಿಗಳ ಲೇಬಲ್ಲುಗಳನ್ನೂ ಕೈಗೆಟುಕುವ ಎತ್ತರದಲ್ಲಿ ಒಂದರ ಪಕ್ಕ ಒಂದು ಅಂಟಿಸಿರುತ್ತಾರೆ. ರೀಚ್ ಟ್ರಕ್ (ಪ್ಯಾಲೆಟ್ಟನ್ನು ಎತ್ತರಕ್ಕೆ ಎತ್ತಿಡುವ ಗಾಡಿ) ಆಪರೇಟರ್ ಒಂದು ಪ್ಯಾಲೆಟ್ ಶಾಂಪೂವನ್ನು ಮೂರನೇ ಮಹಡಿಗೆ ಇಟ್ಟರು, ನಾನು ಎರಡನೇ ಮಹಡಿಯ ಲೇಬಲ್ ಸ್ಕ್ಯಾನ್ ಮಾಡಿದೆ. ಅಷ್ಟೇ. 48 ಬಾಕ್ಸ್ ಗೋದಾಮಿನೊಳಗೇ ಕಳೆದುಹೋದವು.

ಕಂಪ್ಯೂಟರ್‌ನಲ್ಲಿ ಸ್ಟಾಕ್ ಇದೆ, ಹೋಗಿ ನೋಡಿದರೆ ಜಾಗ ಖಾಲಿ. ಇಬ್ಬರು ಡೀಲರ್‌ಗಳ ಆರ್ಡರ್ ಅರ್ಧಕ್ಕೆ ನಿಂತಿತು. ಸೆಕ್ಯೂರಿಟಿಯವರು ಸಿಸಿಟಿವಿ ನೋಡಿದರು. ರಾತ್ರಿ ಪಾಳಿಯ ಲೋಡರ್‌ಗಳ ಬ್ಯಾಗುಗಳನ್ನು ಬಿಚ್ಚಿಸಿದರು. ಶಾಂಪೂ ಬಾಕ್ಸ್ ಯಾವ ಬ್ಯಾಗಿನಲ್ಲಿ ಹಿಡಿಸುತ್ತದೆ ಅಂತ ಯಾರೂ ಕೇಳಲಿಲ್ಲ. ಒಂಬತ್ತನೇ ದಿನ ಸೈಕಲ್ ಕೌಂಟ್ ಮಾಡುವಾಗ, ಅಂದರೆ ದಿನಕ್ಕೆ ಒಂದಿಷ್ಟು ಜಾಗ ಆರಿಸಿ ಎಣಿಸುವಾಗ, ಅದು ಸಿಕ್ಕಿತು. ತಲೆಯ ಮೇಲೆಯೇ ಇತ್ತು. ಸೂಪರ್‌ವೈಸರ್ ಜೋರಾಗಿ ಬೈಯಲಿಲ್ಲ, ವಾರವಿಡೀ ಆ ಓಣಿಯ ಎಣಿಕೆ ನನ್ನ ಕೈಯಲ್ಲೇ ಮಾಡಿಸಿದರು. ಬ್ಯಾಗ್ ಬಿಚ್ಚಿಸಿಕೊಂಡ ಹುಡುಗರ ಹತ್ತಿರ ಹೋಗಿ ನಂದೇ ತಪ್ಪು ಅಂತ ಹೇಳಲು ನನಗೆ ಮತ್ತೆ ನಾಲ್ಕು ದಿನ ಬೇಕಾಯಿತು.

ಅಪ್ಪನ ಪ್ರಶ್ನೆಗೆ ಆಮೇಲೆ ಉತ್ತರ ಇತ್ತು. ಎತ್ತುವುದು ಈ ಕೆಲಸದ ಸಣ್ಣ ಭಾಗ. ಎತ್ತಿ ಎಲ್ಲಿಟ್ಟೆ ಅನ್ನುವುದನ್ನು ನಾನು ಇಲ್ಲದಾಗಲೂ ಇನ್ನೊಬ್ಬ ನಂಬುವ ಹಾಗೆ ಬರೆದಿಡುವುದೇ ದೊಡ್ಡದು. ಅಪ್ಪನಿಗೆ ಹೇಳಿದರೆ, “ನಮ್ ಮಂಡಿ ರೈಟ್ರು ಮಾಡೋದೂ ಅದೇ ಅಲ್ವಾ” ಅಂದರು. ನಿಜ.

ಮಿಕ್ಕಿದ್ದೆಲ್ಲ ಕೈಗೆ ತಾನಾಗಿ ಹತ್ತಿತು. ಸೋಪಿನ ಪಕ್ಕ ಟೀಪುಡಿ ಇಟ್ಟರೆ ಟೀಗೆ ಸೋಪಿನ ವಾಸನೆ ಹಿಡಿಯುತ್ತದೆ. ಬಿಸ್ಕತ್ತಿನಲ್ಲಿ ಮೊದಲು ಬಂದದ್ದಲ್ಲ, ಮೊದಲು ಡೇಟ್ ಮುಗಿಯುವುದು ಮೊದಲು ಹೊರಡಬೇಕು. ಲಾರಿ ತುಂಬುವಾಗ ಕೊನೆಯ ಅಂಗಡಿಯ ಮಾಲು ಮೊದಲು ಒಳಕ್ಕೆ. ಹ್ಯಾಂಡ್ ಪ್ಯಾಲೆಟ್ (ಪ್ಯಾಲೆಟ್ ಸಾಗಿಸುವ ಕೈಗಾಡಿ) ಎಳೆಯುತ್ತಾ ತಟ್ಟನೆ ನಿಂತರೆ ಅದು ನಿಲ್ಲುವುದಿಲ್ಲ, ಹಿಮ್ಮಡಿಗೆ ಬಡಿಯುತ್ತದೆ. ಸೇಫ್ಟಿ ಶೂ ಭಾರ ಅಂತ ಗೊಣಗುತ್ತಿದ್ದ ನನಗೆ ಅದು ಒಂದೇ ಸಲಕ್ಕೆ ಬುದ್ಧಿ ಕಲಿಸಿತು. ತಿಂಗಳ ಕೊನೆಯ ಮೂರು ದಿನ ಸೇಲ್ಸ್‌ನವರ ಟಾರ್ಗೆಟ್ಟಿಗಾಗಿ ಗೋದಾಮು ಜಾತ್ರೆಯಾಗುತ್ತದೆ, ಆಗ ಯಾರೂ ಏನೂ ಕಲಿಸುವುದಿಲ್ಲ. ನಮ್ಮನ್ನೂ ಲೋಡಿಂಗ್‌ಗೆ ನಿಲ್ಲಿಸುತ್ತಿದ್ದರು. ಅದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೇರುವ ಮೊದಲು ಕರಾರಿನಲ್ಲಿ ಯಾವ ಟ್ರೇಡ್, ಏನೇನು ಕಲಿಸುತ್ತಾರೆ ಅಂತ ಓದಿಕೊಳ್ಳಿ. ನಾನು ಓದದೆ ಸಹಿ ಹಾಕಿದ್ದೆ.

ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಅಪ್ರೆಂಟಿಸ್ ಕಾಯ್ದೆಯಲ್ಲಿ ಇಲ್ಲ. ನಾವು ಏಳು ಜನ ಇದ್ದೆವು, ಇಬ್ಬರನ್ನು ಇಟ್ಟುಕೊಂಡರು, ಅದರಲ್ಲಿ ನಾನಿರಲಿಲ್ಲ. ಎರಡು ತಿಂಗಳು ಊರಲ್ಲಿದ್ದು ನೆಲಮಂಗಲದ ಇನ್ನೊಂದು ಗೋದಾಮಿಗೆ ಇಂಟರ್‌ವ್ಯೂಗೆ ಹೋದೆ. ಸರ್ಟಿಫಿಕೇಟನ್ನು ಒಮ್ಮೆ ತಿರುವಿ ಹಾಕಿದ ಮ್ಯಾನೇಜರ್, ನನ್ನನ್ನು ಡಾಕ್ ಹತ್ತಿರ ಕರೆದೊಯ್ದು ಒಂದು ಪ್ಯಾಲೆಟ್ ತೋರಿಸಿ “ಇದ್ರಲ್ಲಿ ಎಷ್ಟಿದೆ ಹೇಳಿ” ಅಂದರು. ಒಂದು ಸುತ್ತು ಹಾಕಿ, ಹಿಂಭಾಗ ನೋಡಿ, ಮೇಲೆ ಬಗ್ಗಿ ಹೊಟ್ಟೆಯನ್ನೂ ನೋಡಿದೆ. ಪೊಳ್ಳು ಇರಲಿಲ್ಲ, ಭರ್ತಿಯೇ ಇತ್ತು. ಸೋಮವಾರದಿಂದ ಬನ್ನಿ ಅಂದರು.