ಹಾವು ಕಡಿತ ನನ್ನ ಸಂಶೋಧನೆಯ ವಿಷಯವಾದದ್ದು

ನಾನು ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಜನರಲ್ ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಕೆಲಸಕ್ಕೆ ಸೇರಿದಾಗ ಸಂಶೋಧನೆಯ ಆಸಕ್ತಿ ಯಾವುದು ಎಂದು ಬರೆದುಕೊಡಬೇಕಿತ್ತು. ಹಾವು ಕಡಿತ ಎಂದು ಬರೆದೆ. ಶುಗರ್, ಬಿಪಿ, ಹೃದಯದ ಬಗ್ಗೆ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದರು. ನನ್ನೂರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನಮ್ಮ ಕಡೆಯವರು ದೊಡ್ಡ ಕಾಯಿಲೆ ಬಂದರೆ ಗಡಿ ದಾಟಿ ಮಂಗಳೂರಿಗೇ ಬರುವುದು ಅಲ್ವಾ? ಮಳೆ ಹಿಡಿದ ಮೇಲೆ ಬದಿಯಡ್ಕ, ಮುಳ್ಳೇರಿಯ, ದೇಲಂಪಾಡಿ ಕಡೆಯಿಂದ ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿತದಿಂದ ಸಾಯುತ್ತಾರೆ ಎಂಬ ಅಂದಾಜಿದೆ. ಹೆಚ್ಚಿನವರು ಹಳ್ಳಿಯವರು.

ಮೊದಲು ಮಾಡಿದ್ದು ಒಂದು ಪುಟದ ಫಾರಂ, ಕನ್ನಡ ಮತ್ತು ಮಲಯಾಳದಲ್ಲಿ. ಎಷ್ಟು ಗಂಟೆಗೆ ಕಚ್ಚಿತು, ಆಗ ಏನು ಮಾಡುತ್ತಿದ್ದಿರಿ, ಮೊದಲು ಎಲ್ಲಿಗೆ ಹೋದಿರಿ, ಬಿಗಿಯಾಗಿ ಕಟ್ಟು ಹಾಕಿದ್ದರಾ. ನಾಟಿ ಮದ್ದಿನ ಬಗ್ಗೆ ಕೇಳುವಾಗ ದನಿಯಲ್ಲಿ ಗದರಿಕೆ ಇರಬಾರದು. ಬೈದರೆ ಯಾರೂ ನಿಜ ಹೇಳುವುದಿಲ್ಲ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿದ ಮೇಲೆ ವಾರ್ಡಿನಲ್ಲಿ ಅದನ್ನು ತುಂಬಿಸತೊಡಗಿದೆವು.

ನಾನು ಜಾಸ್ತಿ ಗಮನ ಕೊಟ್ಟದ್ದು ಒಂದು ಗಾಜಿನ ಟ್ಯೂಬಿನ ಮೇಲೆ. ಮಂಡಲದ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅದನ್ನು ಹಾಸಿಗೆಯ ಪಕ್ಕದಲ್ಲೇ ನೋಡಬಹುದು. ಎರಡು ಎಂಎಲ್ ರಕ್ತವನ್ನು ಒಣ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡಿ ನೋಡುವುದು. ರಕ್ತ ಇನ್ನೂ ನೀರಾಗಿದ್ದರೆ ವಿಷ ಏರಿದೆ ಎಂದರ್ಥ. ಟ್ಯೂಬ್ ಗಾಜಿನದ್ದೇ ಆಗಬೇಕು, ಯಾಕೆಂದರೆ ಗಾಜು ತಾಗಿದಾಗಲೇ ರಕ್ತ ಬೇಗ ಹೆಪ್ಪುಗಟ್ಟುವುದು. ಪ್ಲಾಸ್ಟಿಕ್ ಆದರೆ, ಅಥವಾ ಸೋಪು ಹಾಕಿ ತೊಳೆದ ಗಾಜಾದರೆ, ಸರಿಯಿರುವ ರಕ್ತವೂ ನೀರಾಗಿಯೇ ಕಾಣಬಹುದು. ಹಾಗಾಗಿ ಹೊಸ ಟ್ಯೂಬುಗಳನ್ನೇ ತರಿಸಿ, ಒಮ್ಮೆ ಬಳಸಿ ಎಸೆಯುವ ನಿಯಮ ಮಾಡಿದೆ. ಅನುಮಾನ ಬಂದರೆ ಪಕ್ಕದಲ್ಲೇ ಆರೋಗ್ಯವಂತರ ರಕ್ತ ಇಟ್ಟು ಹೋಲಿಸುತ್ತೇವೆ. ರಾತ್ರಿ ಪಾಳಿಯ ನರ್ಸ್‌ಗಳು ಈಗ ಇದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಇನ್ನೊಂದು ಕಷ್ಟದ ವಿಷಯ ಹಾವಿನ ಗುರುತು. ನಮ್ಮಲ್ಲಿ ಸಿಗುವ, ವಿಷ ಇಳಿಸುವ ಇಂಜೆಕ್ಷನ್ ನಾಲ್ಕು ಹಾವುಗಳಿಗೆ ಮಾತ್ರ: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಆದರೆ ನಮ್ಮ ತೋಟಗಳ ತರಗೆಲೆಯಲ್ಲಿ, ಸೋಗೆ ರಾಶಿಯ ಅಡಿಯಲ್ಲಿ ಇನ್ನೊಂದು ಸಣ್ಣ ಹಾವಿದೆ, ಇಂಗ್ಲಿಷಿನಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್ ಎನ್ನುತ್ತಾರೆ. ತಲೆ ತ್ರಿಕೋನ, ಮೂಗಿನ ತುದಿ ಮೇಲಕ್ಕೆ ಎದ್ದಿರುತ್ತದೆ. ‘ಸಣ್ಣದು ಡಾಕ್ಟ್ರೇ, ಮಂಡಲದ ಮರಿ ಇರಬೇಕು’ ಎನ್ನುತ್ತಾರೆ. ಇದು ಪ್ರಾಣಕ್ಕೂ ಅಪಾಯ ಎಂಬುದಕ್ಕೆ ಭಾರತದಲ್ಲಿ ಖಚಿತ ದಾಖಲೆ ಬಂದದ್ದೇ 2007ರಲ್ಲಿ, ಅದೂ ಕೇರಳದಿಂದ. ಆ ಇಂಜೆಕ್ಷನ್ ಇದಕ್ಕೆ ಕೆಲಸ ಮಾಡುವುದಿಲ್ಲ, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ. ಇಲ್ಲಿ ಬೇಕಾದದ್ದು ಮೂತ್ರ ಎಷ್ಟು ಹೋಗುತ್ತಿದೆ ಎಂದು ಅಳೆಯುವುದು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ನೋಡುವುದು, ಕಿಡ್ನಿ ಸೋತರೆ ಡಯಾಲಿಸಿಸ್.

ಅದಕ್ಕೆ ಊರಿನವರ ಹತ್ತಿರ ನಾನು ಕೇಳಿಕೊಳ್ಳುವುದು ಒಂದು ಫೋಟೋ. ಅಣ್ಣಾ, ಹಾವನ್ನು ಹುಡುಕಿ ಹೊಡೆಯಲು ಹೋಗಬೇಡಿ, ಸತ್ತ ಹಾವಿನ ತಲೆಯೂ ಕಚ್ಚಬಹುದು. ದೂರದಿಂದ ಮೊಬೈಲಿನಲ್ಲಿ ತೆಗೆದರೆ ಸಾಕು. ಅದೂ ಆಗದಿದ್ದರೆ ಬಿಡಿ, ಕಚ್ಚಿದ ಕಾಲು ಆಡಿಸದೆ ಬೇಗ ಬನ್ನಿ. ಬಂದ ಫೋಟೋಗಳನ್ನು ಹಾವುಗಳನ್ನು ಬಲ್ಲವರಿಗೆ ತೋರಿಸಿ, ಗುರುತು ಖಚಿತವಾದರೆ ಮಾತ್ರ ಹೆಸರು ಬರೆಯುತ್ತೇವೆ.

ಮನೆಗೆ ಹೋದವರಿಗೆ ಮೂರು ತಿಂಗಳ ನಂತರ ಫೋನ್ ಮಾಡುತ್ತೇನೆ. ಹತ್ತಿರದ ಲ್ಯಾಬಿನಲ್ಲಿ ಕ್ರಿಯಾಟಿನಿನ್ ಮಾಡಿಸಿ ವಾಟ್ಸಾಪ್ ಮಾಡಿ ಎನ್ನುತ್ತೇನೆ. ಆಸ್ಪತ್ರೆಯಿಂದ ನಡೆದುಕೊಂಡೇ ಹೋದ ಕೆಲವರ ಕಿಡ್ನಿ ಪೂರ್ತಿ ಸರಿಯಾಗಿರುವುದಿಲ್ಲ. ಫೋನ್ ಮಾಡದಿದ್ದರೆ ಅದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಗಡಿಯದ್ದೂ ಒಂದು ತೊಡಕಿದೆ. ಕರ್ನಾಟಕದಲ್ಲಿ 2024ರಿಂದ ಆಸ್ಪತ್ರೆಗಳು ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಆದರೆ ನಮ್ಮವರಿಗೆ ಕಚ್ಚುವುದು ಕೇರಳದಲ್ಲಿ, ಚಿಕಿತ್ಸೆ ಕರ್ನಾಟಕದಲ್ಲಿ. ಹಾಗಾಗಿ ಫಾರಂನಲ್ಲಿ ಪಂಚಾಯತು, ವಾರ್ಡು, ಕಚ್ಚಿದ ತೋಟದ ಜಾಗ ಎಲ್ಲ ಬರೆಸುತ್ತೇನೆ. ಈಗ ಒಬ್ಬ ಪಿಜಿ ವಿದ್ಯಾರ್ಥಿ ಇದೇ ವಿಷಯದಲ್ಲಿ ಥೀಸಿಸ್ ಮಾಡುತ್ತಿದ್ದಾನೆ. ಯಾವ ವಾರ್ಡಿನಲ್ಲಿ, ಯಾವ ಕೆಲಸದ ಹೊತ್ತಿಗೆ ಹೆಚ್ಚು ಕಚ್ಚುತ್ತದೆ ಎಂಬ ಪಟ್ಟಿ ತಯಾರಾದರೆ, ಸೋಗೆ ಹೆಕ್ಕುವವರಿಗೆ ಗಮ್‌ಬೂಟು, ಟಾರ್ಚು ಕೊಡಿಸಿ ಎಂದು ಪಂಚಾಯತಿನವರನ್ನು ಕೇಳಬೇಕೆಂದಿದ್ದೇನೆ.