ಸಿಮ್ಕೋಗೆ ಗಾಳ ಹಿಡಿದು ಹೊರಟವರೇ, ಮೊದಲು ಫ್ರೀಜರ್ ತೆಗೆದು ನೋಡಿ

ಕಳೆದ ಫೆಬ್ರವರಿಯಲ್ಲಿ, ಕೆನಡಾದ ಒಂಟಾರಿಯೊದಲ್ಲಿರುವ ಸಿಮ್ಕೋ ಸರೋವರದ ದಡದ ಜ್ಯಾಕ್ಸನ್ಸ್ ಪಾಯಿಂಟ್‌ನ ಪಾರ್ಕಿಂಗಿನಲ್ಲಿ ಕನ್ನಡ ಕಿವಿಗೆ ಬಿತ್ತು. ಬ್ರ್ಯಾಂಪ್ಟನ್‌ನಿಂದ ಬಂದ ಇಬ್ಬರು ಹುಡುಗರು ಕಾರಿಗೆ ಕೂಲರ್ ಏರಿಸುತ್ತಿದ್ದರು. "ನಂದೊಬ್ಬಂದೇ ನಿನ್ನೇದು ಇಪ್ಪತ್ನಾಕು ಮೀನು, ಇವತ್ತಿಂದು ಇಪ್ಪತ್ತು. ಮನೇಲಿ ಹಬ್ಬ!" ನನ್ನ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ಅದೇ ಊರಲ್ಲಿ, ಹೆಚ್ಚುಕಡಿಮೆ ಅದೇ ಲೆಕ್ಕಕ್ಕೆ ನಾನು ದಂಡ ಕಟ್ಟಿದ್ದೆ. ಆಮೇಲೂ ನಮ್ಮವರು ನಾಲ್ಕೈದು ಜನ ಇದೇ ಗುಂಡಿಗೆ ಬಿದ್ದಿದ್ದಾರೆ.

ಮೀನು ಹಿಡಿಯಲು ಔಟ್‌ಡೋರ್ಸ್ ಕಾರ್ಡ್ ಅನ್ನುವ ಸರ್ಕಾರಿ ಗುರುತಿನ ಚೀಟಿ, ಲೈಸೆನ್ಸ್ ಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಅದು ಬಿಡಿ. ಲೈಸೆನ್ಸಿನಲ್ಲಿ ಎರಡು ಬಗೆ: ಸ್ಪೋರ್ಟ್, ಕನ್ಸರ್ವೇಶನ್. ಸಿಮ್ಕೋ ಇರುವ 16ನೇ ಮೀನುಗಾರಿಕೆ ವಲಯದಲ್ಲಿ ಹಳದಿ ಪರ್ಚ್ ಮೀನಿಗೆ ಸ್ಪೋರ್ಟಿನಲ್ಲಿ 50, ಕನ್ಸರ್ವೇಶನ್‌ನಲ್ಲಿ 25ರ ಮಿತಿ. ಅಗ್ಗ ಅಂತ ನಾನು ಎರಡನೆಯದು ತಗೊಂಡಿದ್ದೆ. ದಿನಕ್ಕೆ 25 ಅಂತ ಓದಿಕೊಂಡೆ. ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ದಿನಕ್ಕೆ ಎಷ್ಟು ಹಿಡಿಯಬಹುದೋ, ನಿಮ್ಮ ಹತ್ತಿರ ಒಟ್ಟಾರೆ ಇರಬಹುದಾದದ್ದೂ ಅಷ್ಟೇ. ಕೈಯಲ್ಲಿರುವುದು, ಕಾರಲ್ಲಿರುವುದು, ಮನೆಯ ಫ್ರೀಜರಿನಲ್ಲಿ ಹೋದ ತಿಂಗಳಿಂದ ಕೂತಿರುವುದು, ಎಲ್ಲಾ ಸೇರಿಸಿ. ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ನನಗೆ ಶನಿವಾರ 24 ಸಿಕ್ಕಿತ್ತು. ರಾತ್ರಿ ಮೋಟೆಲಿನಲ್ಲಿ ಕೂತು ಚರ್ಮ ಸುಲಿದು, ಮುಳ್ಳು ತೆಗೆದು, ಹೋಳು ಮಾಡಿ ಚೀಲಕ್ಕೆ ತುಂಬಿದೆ. ಭಾನುವಾರ ಇನ್ನೂ 19. ಹೊರಡುವಾಗ, ಮೀನು ಹಿಡಿಯುವ ಕಾನೂನು ನೋಡಿಕೊಳ್ಳುವ ಕನ್ಸರ್ವೇಶನ್ ಆಫೀಸರ್ ಬಂದು ಕೂಲರ್ ತೆರೆಯಲು ಹೇಳಿದರು. ಚೀಲದಲ್ಲಿದ್ದ ಹೋಳುಗಳನ್ನು ಮುಚ್ಚಳದ ಮೇಲೆ ಎರಡೆರಡಾಗಿ ಜೋಡಿಸಿ ಎಣಿಸಿದರು, ಎರಡು ಹೋಳಿಗೆ ಒಂದು ಮೀನು. ಚಳಿಗೆ ಹೋಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಆತುರಪಡದೆ ಬಿಡಿಸಿ ಬಿಡಿಸಿ ಇಟ್ಟರು. 24ಕ್ಕೆ 19 ಕೂಡಿ 43. ಮಿತಿಗಿಂತ 18 ಹೆಚ್ಚು. ಇನ್ನೊಂದು ತಪ್ಪೂ ಇತ್ತು. ಸಾಗಿಸುವ ಮೀನು ಯಾವ ಜಾತಿ, ಎಷ್ಟು ಅಂತ ನೋಡಿದವರಿಗೆ ಸುಲಭವಾಗಿ ತಿಳಿಯಬೇಕು. ಚರ್ಮವನ್ನೇ ಸುಲಿದಿಟ್ಟರೆ ಪರ್ಚ್ ಯಾವುದು, ಬೇರೆ ಯಾವುದು? ಆ ತಿಂಗಳ ದಿನಸಿಯ ದುಡ್ಡು ದಂಡಕ್ಕೆ ಹೋಯಿತು, ಮೀನೂ ಹೋಯಿತು.

ಹಾಗಾಗಿ ಎರಡು ದಿನ ಹೋಗುವುದಾದರೆ ಮೊದಲ ದಿನದ್ದನ್ನು ಅಲ್ಲೇ ಹುರಿದು ತಿನ್ನಿ. ತಿಂದದ್ದು ನಿಮ್ಮ ಹತ್ತಿರ ಇರುವ ಲೆಕ್ಕದಿಂದ ಹೋಗುತ್ತದೆ. ಆ ದಿನ ಹಿಡಿದ ಲೆಕ್ಕದಿಂದ ಮಾತ್ರ ಹೋಗುವುದಿಲ್ಲ. ಮಂಜುಗಡ್ಡೆಯ ಮೇಲೆ ಪಕ್ಕದ ಗುಡಿಸಲಿನವರಿಗೆ ಕೊಟ್ಟರೂ ಅದು ನೀವು ಹಿಡಿದ ಮೀನೇ. ಮನೆಗೆ ಒಯ್ಯುವ ಹೋಳುಗಳಲ್ಲಿ ಚರ್ಮ ಹಾಗೇ ಉಳಿಸಿ, ಎಣಿಸಲು ಬರುವಂತೆ ಬಿಡಿಸಿ ಕಟ್ಟಿ.

ಇಷ್ಟು ದೊಡ್ಡ ಕೆರೆ, 722 ಚದರ ಕಿಲೋಮೀಟರ್, ಒಂದೂವರೆ ಡಜನ್ ಮೀನಿಗೆ ಏನಾಗಿಬಿಡುತ್ತೆ ಅಂತ ನನಗೂ ಆಗ ಸಿಟ್ಟು ಬಂದಿತ್ತು. ಆಮೇಲೆ ಈ ಸರೋವರದ ಕಥೆ ತಿಳಿಯಿತು. ಸುತ್ತಲಿನ ಹೊಲ, ಊರುಗಳಿಂದ ರಂಜಕ ಹರಿದು ಬಂದು ಪಾಚಿ ಹೆಚ್ಚಿತು. ಸತ್ತ ಪಾಚಿ ತಳಕ್ಕಿಳಿದು ಕೊಳೆಯುವಾಗ ಆಳದ ನೀರಿನ ಆಮ್ಲಜನಕವನ್ನು ಹೀರಿತು. ತಣ್ಣನೆಯ ಆಳದಲ್ಲಿ ಬಾಳುವ ಲೇಕ್ ಟ್ರೌಟ್‌ನ ಮರಿಗಳು ಉಳಿಯದಾದವು. ದಶಕಗಳಿಂದ ಸಾಕಿದ ಮರಿಗಳನ್ನು ತಂದು ಬಿಟ್ಟೇ ಆ ಮೀನನ್ನು ಉಳಿಸಿಕೊಂಡಿದ್ದಾರೆ. ಬಿಡುವ ಮೊದಲು ಒಂದು ರೆಕ್ಕೆ ಕತ್ತರಿಸುತ್ತಾರೆ. ರೆಕ್ಕೆಗಳೆಲ್ಲ ನೆಟ್ಟಗಿರುವ ಟ್ರೌಟ್ ಸಿಕ್ಕರೆ ಅದು ಹೆಚ್ಚಾಗಿ ಸರೋವರದಲ್ಲೇ ಹುಟ್ಟಿದ್ದು. 2008ರಲ್ಲಿ ಈ ಒಂದು ಸರೋವರಕ್ಕಾಗಿಯೇ ಒಂಟಾರಿಯೊ ಪ್ರತ್ಯೇಕ ಕಾಯ್ದೆ ತಂದಿತು. ಪರ್ಚ್‌ಗೆ ಸಾಕಿ ಬಿಡುವವರಿಲ್ಲ. ಅದು ತಾನೇ ಮೊಟ್ಟೆಯಿಟ್ಟು ಹೆಚ್ಚಬೇಕು. ಚಳಿಗಾಲದಲ್ಲಿ ಸಾವಿರಾರು ಜನ ಮಂಜುಗಡ್ಡೆಗೆ ತೂತು ಕೊರೆದು ಕೂರುತ್ತಾರೆ. ಪ್ರತಿಯೊಬ್ಬರೂ "ನಂದು ಬರೀ ಹದಿನೆಂಟು" ಅಂದರೆ?

ನಾನು ಮಲೆನಾಡಿನವನು. ಮೊದಲ ಮಳೆಗೆ ಗದ್ದೆಗೆ ನುಗ್ಗುವ ಹತ್ತುಮೀನಿಗೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡಿ ಬೆಳೆದವನು. ಅವುಗಳ ಹೊಟ್ಟೆ ತುಂಬಾ ಮೊಟ್ಟೆ ಇರುತ್ತಿತ್ತು. ನಮಗೆ ಅದೇ ರುಚಿ. ಇಲ್ಲಿ ಬಾಸ್ ಮೀನು ಗೂಡು ಕಾಯುವ ಮೇ ತಿಂಗಳಲ್ಲಿ ಅದನ್ನು ಹಿಡಿದು ಇಟ್ಟುಕೊಳ್ಳುವಂತಿಲ್ಲ. ನಮ್ಮ ಕರಾವಳಿಯಲ್ಲೂ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ, ಅದು ಒಳ್ಳೆಯದೇ. ಹಳ್ಳ ಗದ್ದೆಗಳಲ್ಲಿ ಮಾತ್ರ ಕೇಳುವವರಿರಲಿಲ್ಲ. ಈ ವಿಷಯದಲ್ಲಿ ಇಲ್ಲಿನ ವ್ಯವಸ್ಥೆಯೇ ಮೇಲು ಅನ್ನುತ್ತೇನೆ, ದಂಡ ಕಟ್ಟಿದ ಮೇಲೂ.

ಹಾಗೆಯೇ, ಗಾಳಕ್ಕೆ ಸಿಕ್ಕಿಸಲು ತಂದು ಉಳಿದ ಜೀವಂತ ಎರೆಮೀನನ್ನು ಪಾಪ ಅಂತ ನೀರಿಗೆ ಬಿಡಬೇಡಿ. ದಡದಿಂದ 30 ಮೀಟರ್ ಒಳಗೆ ಆ ಬಕೆಟ್ಟಿನ ನೀರನ್ನೂ ಚೆಲ್ಲುವಂತಿಲ್ಲ.

ಊರಿಂದ ಅಪ್ಪ ಅಮ್ಮ ಬಂದಾಗ ಇನ್ನೂ ಎಚ್ಚರ ಬೇಕು. 65 ದಾಟಿದವರಿಗೆ ಲೈಸೆನ್ಸ್ ಬೇಡ ಅನ್ನುವ ರಿಯಾಯಿತಿ ಕೆನಡಾ ನಿವಾಸಿಗಳಿಗೆ ಮಾತ್ರ. ಲೈಸೆನ್ಸ್ ಇಲ್ಲದೆ ಹಿಡಿಯಬಹುದಾದ ಫ್ಯಾಮಿಲಿ ಫಿಶಿಂಗ್ ದಿನಗಳೂ ಅಷ್ಟೇ. ವಿಸಿಟರ್ ಆಗಿ ಬಂದ 70ರ ಅಪ್ಪ ಸುಮ್ಮನೆ ಗಾಳ ಇಳಿಬಿಟ್ಟು ಕೂತರೂ ಹೊರದೇಶದವರ ಲೈಸೆನ್ಸ್ ಬೇಕು. ನನ್ನ ಅಪ್ಪ ಬಂದಾಗ ಹೊರಡುವ ಹಿಂದಿನ ರಾತ್ರಿಯೇ ತೆಗೆದು ಪ್ರಿಂಟ್ ಮಾಡಿ ಅವರ ಜೇಬಿಗೇ ಇಟ್ಟೆ. ಆ ಹುಡುಗರಿಗೂ ಅವತ್ತು ಇದನ್ನೆಲ್ಲ ಹೇಳಿದೆ. ಕೂಲರ್ ಕೆಳಗಿಳಿಸಿ, ಚಳಿಯಲ್ಲಿ ನಿಂತೇ, ತಮ್ಮ ಲೈಸೆನ್ಸ್ ಯಾವ ಬಗೆಯದು ಅಂತ ಫೋನಿನಲ್ಲಿ ಹುಡುಕತೊಡಗಿದರು.